ಆಕಾಶದ ಅಲೆಗಳು, ನೆಲದ ಗೋಪುರಗಳು

ನೀವು ಕುಳಿತ ವಿಮಾನ ಮಂಜು ಮುಸುಕಿದ ನಿಲ್ದಾಣದಲ್ಲಿ ಇಳಿಯುತ್ತಿದೆ ಎಂದುಕೊಳ್ಳಿ. ಕಿಟಕಿಯಾಚೆ ನಿಮಗೆ ಏನೂ ಕಾಣದು, ಪೈಲಟ್‌ಗೂ ಕಾಣದು. ನೆಲ ಇನ್ನೆಷ್ಟು ಅಡಿ ಕೆಳಗಿದೆ ಎಂದು ತಿಳಿಸುವುದು ರೇಡಿಯೊ ಆಲ್ಟಿಮೀಟರ್, ಅಂದರೆ ಎತ್ತರಮಾಪಕ. ವಿಮಾನದ ತಳದಿಂದ ಹೊರಟ ರೇಡಿಯೊ ಅಲೆ ನೆಲಕ್ಕೆ ತಾಗಿ ಮರಳುತ್ತದೆ. ಹೋಗಿಬರಲು ಹಿಡಿದ ಕಾಲವೇ ಎತ್ತರದ ಲೆಕ್ಕ. ಇದಕ್ಕೆ ಮೀಸಲಾದ ಆವರ್ತನ 4.2ರಿಂದ 4.4 ಗಿಗಾಹರ್ಟ್ಸ್.

ಈ ಲೆಕ್ಕ ತಪ್ಪಿದರೆ? 2009ರ ಫೆಬ್ರವರಿ 25ರಂದು ಟರ್ಕಿಷ್ ಏರ್‌ಲೈನ್ಸ್ ವಿಮಾನವೊಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿಯುತ್ತಿದ್ದಾಗ ಎಡಬದಿಯ ಎತ್ತರಮಾಪಕ ಮೈನಸ್ 8 ಅಡಿ ಎಂದು ತೋರಿಸಿತು. ವಿಮಾನ ನೆಲ ಮುಟ್ಟಿತೆಂದು ಬಗೆದ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್‌ಗಳ ಶಕ್ತಿಯನ್ನು ತಗ್ಗಿಸಿತು. ವೇಗ ಕುಸಿದದ್ದು ಸಿಬ್ಬಂದಿಯ ಗಮನಕ್ಕೆ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಒಂಬತ್ತು ಮಂದಿ ಸತ್ತರು. ಅದಕ್ಕೆ ಮೊಬೈಲ್ ಕಾರಣವಲ್ಲ. ಆದರೆ ಒಂದು ತಪ್ಪು ಅಂಕಿಯ ಬೆಲೆ ಏನೆಂಬುದು ಅಲ್ಲಿ ಗೊತ್ತಾಯಿತು.

ಈಗ 5ಜಿ ವಿಷಯಕ್ಕೆ ಬರೋಣ. ಅಮೆರಿಕ 3.7ರಿಂದ 3.98 ಗಿಗಾಹರ್ಟ್ಸ್ ಪಟ್ಟಿಯನ್ನು 8,000 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತಕ್ಕೆ ಹರಾಜು ಹಾಕಿತು. ಎತ್ತರಮಾಪಕದ ಪಟ್ಟಿಗೂ ಇದಕ್ಕೂ ನಡುವೆ ಅಂತರವಿದೆ, ನಿಜ. ಆದರೆ ನೆಲದಿಂದ ಮರಳುವ ಅಲೆ ಬಲು ಕ್ಷೀಣ. ಪಕ್ಕದ ಬೀದಿಯ ಗಣೇಶೋತ್ಸವದ ಧ್ವನಿವರ್ಧಕ ಮನೆಯೊಳಗಿನ ಮೆಲುಮಾತನ್ನು ನುಂಗುವಂತೆ, ಗೋಪುರದ ಪ್ರಬಲ ಅಲೆ ಹಳೆಯ ಎತ್ತರಮಾಪಕವನ್ನು ಗೊಂದಲಗೊಳಿಸಬಹುದು ಎಂಬ ಆತಂಕ ಎದ್ದಿತು. 2022ರ ಜನವರಿ 19ರಂದು ಈ ಸೇವೆ ಆರಂಭವಾದಾಗ ಏರ್ ಇಂಡಿಯಾ ಕೂಡ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳನ್ನು ರದ್ದು ಮಾಡಿತ್ತು.

ಅಪಾಯವನ್ನು ಅಳೆಯುವಾಗ ಎರಡು ಪ್ರಶ್ನೆ ಕೇಳಬೇಕು: ಅದು ಸಂಭವಿಸುವ ಸಾಧ್ಯತೆ ಎಷ್ಟು? ಸಂಭವಿಸಿದರೆ ಹಾನಿ ಎಷ್ಟು? ಇಲ್ಲಿ ಸಾಧ್ಯತೆ ಕಡಿಮೆ, ಹಾನಿ ಅಪಾರ. ಆದ್ದರಿಂದಲೇ ಅಮೆರಿಕದಲ್ಲಿ ನಿಲ್ದಾಣಗಳ ಬಳಿಯ ಗೋಪುರಗಳಿಗೆ ಮಿತಿ ಹಾಕಿ, ಎತ್ತರಮಾಪಕಗಳಿಗೆ ಶೋಧಕ ಅಳವಡಿಸಲಾಯಿತು. ನಮ್ಮಲ್ಲಿ 5ಜಿಯ ಈ ಪಟ್ಟಿ 3.67 ಗಿಗಾಹರ್ಟ್ಸ್‌ಗೇ ಮುಗಿಯುತ್ತದೆ, ಅಂತರ ಹೆಚ್ಚು. ಆದರೂ 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ರನ್‌ವೇಯ ಎರಡೂ ತುದಿಗಳಿಂದ 2,100 ಮೀಟರ್ ದೂರದವರೆಗೆ ಇಂಥ ಗೋಪುರ ಬೇಡವೆಂದು ಸೂಚಿಸಿತು.

ಹೊಸ ತಂತ್ರಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ಅಲೆಗಳನ್ನು ಮಾರುವವರೂ ವಿಮಾನಗಳನ್ನು ಕಾಯುವವರೂ ಹರಾಜಿಗೆ ಮೊದಲೇ ಒಂದೆಡೆ ಕೂತು ಮಾತನಾಡಬೇಕು. ಮಂಜಿನಲ್ಲಿ ಇಳಿಯುವ ವಿಮಾನಕ್ಕೆ ಆಮೇಲೆ ನೋಡೋಣ ಎನ್ನುವಷ್ಟು ಸಮಯವಿರುವುದಿಲ್ಲ.