ಅಮೇರಿಕದ ಸಂವಿಧಾನ ಶಿಲ್ಪಿಗಳು ಮತ್ತು ನಮ್ಮ ಜಮಾಅತ್‌ನ ಲೆಕ್ಕಪುಸ್ತಕ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಮೇರಿಕ ಎಂದೊಡನೆ ನಮ್ಮ ಮನೆಗಳಲ್ಲಿ ಹುಬ್ಬು ಗಂಟಿಕ್ಕುವುದು ಸಹಜ. 2003ರಲ್ಲಿ ಇರಾಕಿನ ಮೇಲೆ ಬಿದ್ದ ಬಾಂಬುಗಳನ್ನು ನಾವು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಒಂದು ಸರಕಾರ ಎಸಗಿದ ಅನ್ಯಾಯ ಬೇರೆ, ಆ ದೇಶದ ಸ್ಥಾಪಕರು ಬರೆದಿಟ್ಟ ತತ್ವಗಳು ಬೇರೆ. ಅನ್ಯಾಯವನ್ನು ಖಂಡಿಸುವವನಿಗೂ ಆ ತತ್ವಗಳ ಪರಿಚಯವಿರಬೇಕು. ಪ್ರಶ್ನಿಸುವಾಗ ಅವರ ಮಾತನ್ನೇ ಅವರ ಮುಂದಿಡಬಹುದಲ್ಲ!

ಮೊದಲು ನಮ್ಮ ನೆಲಕ್ಕೂ ಆ ದೇಶಕ್ಕೂ ಇರುವ ಒಂದು ಹಳೆಯ ನಂಟನ್ನು ಹೇಳಿಬಿಡುತ್ತೇವೆ. 1779ರಲ್ಲಿ ಹೈದರ್ ಅಲಿ ಚಿತ್ರದುರ್ಗದ ಕೋಟೆಯನ್ನು ವಶಪಡಿಸಿಕೊಂಡರು. ಮರುವರ್ಷವೇ ಅವರು ಬ್ರಿಟಿಷರ ವಿರುದ್ಧ ಯುದ್ಧಕ್ಕಿಳಿದರು. ಅದೇ ಬ್ರಿಟಿಷರ ವಿರುದ್ಧ ಅಮೇರಿಕದ ವಸಾಹತುಗಳೂ ಹೋರಾಡುತ್ತಿದ್ದವು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ಬಲವಾದ ಬ್ರಿಟಿಷ್ ನೌಕೆ ‘ಜನರಲ್ ಮಂಕ್’ ಅನ್ನು ಸೋಲಿಸಿ ಸೆರೆಹಿಡಿಯಿತು. ನಾಯಕನ ಹೆಸರು ಜೋಶುವಾ ಬಾರ್ನಿ. ಹಡಗಿನ ಹೆಸರು ‘ಹೈದರ್ ಅಲಿ’!

ಇದನ್ನು ಕೇಳಿ ನಮ್ಮ ಯುವಕರ ಎದೆ ಉಬ್ಬುವುದನ್ನು ಬಲ್ಲೆವು. ಆದರೆ 1779 ಎಂಬ ವರ್ಷ ಇದೇ ಸೀಮೆಯ ನಾಯಕ ಸಮುದಾಯದ ಮನೆಗಳಲ್ಲಿ ಬೇರೆ ರೀತಿಯಲ್ಲಿ ನೆನಪಾಗುತ್ತದೆ. ಮದಕರಿ ನಾಯಕನ ಸೆರೆ, ಬೇಡ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಅವರ ಪಾಲಿನ ಇತಿಹಾಸ. ನೆರೆಯವನ ನೋವಿನ ನೆನಪಿನ ಮೇಲೆ ನಮ್ಮ ಹೆಮ್ಮೆಯ ಬಾವುಟ ನೆಡುವುದು ಬೇಡ. ಹಡಗಿನ ಹೆಸರಿಗಿಂತ ಮುಖ್ಯವಾದುದು, ಆ ಹಡಗಿನ ಜನ ಐದು ವರ್ಷಗಳ ಬಳಿಕ ಏನು ಮಾಡಿದರು ಎಂಬುದು. 1787ರಲ್ಲಿ ಅದೇ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರದಲ್ಲಿ 55 ಮಂದಿ ಪ್ರತಿನಿಧಿಗಳು ಸೇರಿ ತಮ್ಮ ದೇಶಕ್ಕೊಂದು ಲಿಖಿತ ಸಂವಿಧಾನವನ್ನು ರಚಿಸಿದರು.

ಬರೆದಿಟ್ಟ ಶಾಸನ ಮೊಳಕಾಲ್ಮೂರಿನವರಿಗೆ ಹೊಸತಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಸಾಮ್ರಾಟ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಜೀವಿಗಳಲ್ಲಿ ದಯೆ ಇರಬೇಕು ಎಂದು ಅಲ್ಲಿ ಹೇಳಲಾಗಿದೆ. ಉದಾತ್ತವಾದ ಮಾತುಗಳೇ. ಆದರೆ ಅಲ್ಲಿ ಅರಸನು ಪ್ರಜೆಗಳಿಗೆ ಹೇಳುತ್ತಿದ್ದಾನೆ. ಫಿಲಡೆಲ್ಫಿಯಾದ ದಾಖಲೆಯಲ್ಲಿ ಪ್ರಜೆಗಳ ಹೆಸರಿನಲ್ಲಿ ಅಧಿಕಾರಸ್ಥನಿಗೆ ಹೇಳಲಾಗಿದೆ: ನಿನ್ನ ಅಧಿಕಾರ ಇಷ್ಟು, ಇದಕ್ಕಿಂತ ಹೆಚ್ಚಿಲ್ಲ.

ಆ ದಾಖಲೆಯ ಹಿಂದಿನ ಮುಖ್ಯ ಮಿದುಳು ಜೇಮ್ಸ್ ಮ್ಯಾಡಿಸನ್. ಅವರ ಚಿಂತನೆ ಸರಳವಾದುದು. ಮನುಷ್ಯ ದೇವಚರನಲ್ಲ, ಆದ್ದರಿಂದ ಒಬ್ಬನ ಕೈಯಲ್ಲೇ ಎಲ್ಲ ಅಧಿಕಾರವನ್ನೂ ಇಡಬಾರದು. ಕಾನೂನು ಮಾಡುವವರು, ಜಾರಿಗೆ ತರುವವರು, ತೀರ್ಪು ನೀಡುವವರು ಬೇರೆ ಬೇರೆಯಾಗಿದ್ದು ಒಬ್ಬರನ್ನೊಬ್ಬರು ಹತೋಟಿಯಲ್ಲಿಡಬೇಕು. ಚಳ್ಳಕೆರೆಯವರಿಗೆ ಇದನ್ನು ವಿವರಿಸಲು ಪುಸ್ತಕ ಬೇಕಿಲ್ಲ. ಶೇಂಗಾ ಕೊಳ್ಳುವವನೇ ತಕ್ಕಡಿ ಹಿಡಿದು, ಅವನೇ ಬೆಲೆ ಕಟ್ಟಿ, ತಕರಾರು ಬಂದಾಗ ಅವನೇ ಪಂಚಾಯಿತಿ ನಡೆಸಿದರೆ ರೈತನ ಗತಿಯೇನು?

ಇನ್ನು ಜಾರ್ಜ್ ವಾಷಿಂಗ್ಟನ್. ಯುದ್ಧ ಗೆದ್ದ ಸೇನಾಪತಿ 1783ರಲ್ಲಿ ಸೇನಾಧಿಕಾರವನ್ನು ಜನಪ್ರತಿನಿಧಿಗಳಿಗೆ ಒಪ್ಪಿಸಿ ತನ್ನ ಹೊಲಮನೆಗೆ ಮರಳಿದರು. ಎರಡು ಅವಧಿಗೆ ಅಧ್ಯಕ್ಷರಾಗಿ 1797ರಲ್ಲಿ ತಾವಾಗಿಯೇ ಕೆಳಗಿಳಿದರು. ಬಲವಂತಪಡಿಸುವ ಕಾನೂನು ಆಗ ಇರಲಿಲ್ಲ, ಎರಡೇ ಅವಧಿಯ ಕಟ್ಟಳೆ ಬಂದುದು 1951ರಲ್ಲಿ. ನಮ್ಮ ಎಷ್ಟು ಜಮಾಅತ್ ಕಮಿಟಿಗಳಲ್ಲಿ ಅಧ್ಯಕ್ಷರು ಮಯ್ಯಿತ್ ಆದಾಗ ಮಾತ್ರ ಸ್ಥಾನ ತೆರವಾಗುತ್ತದೆ? ಎಷ್ಟು ಕಡೆ ಅಣ್ಣ ಅಧ್ಯಕ್ಷ, ತಮ್ಮ ಖಜಾಂಚಿ, ಲೆಕ್ಕ ಪರಿಶೋಧಕ ಅಳಿಯ? (ನಗಬೇಡಿ, ನಗುವವರಲ್ಲಿ ಕಮಿಟಿಯವರೂ ಇದ್ದಾರೆ.) ವಕ್ಫ್‌ನ ವಾರ್ಷಿಕ ಲೆಕ್ಕವನ್ನು ಸಲ್ಲಿಸಬೇಕಾದುದು ಮುತವಲ್ಲಿಯ ಕಾನೂನುಬದ್ಧ ಕರ್ತವ್ಯ. ವಕ್ಫ್ ಆಸ್ತಿಯ ಮೇಲೆ ಸರಕಾರದ ಕಣ್ಣು ಬಿದ್ದಿದೆ ಎಂದು ಬೀದಿಗಿಳಿಯುವ ನಾವು, ಆ ಆಸ್ತಿಯ ಬಾಡಿಗೆ ಎಷ್ಟು, ಅದು ಯಾವ ವಿಧವೆಯ ಮನೆಗೆ ಹೋಯಿತು ಎಂದು ನಮ್ಮದೇ ಮಸೀದಿಯ ಅಂಗಳದಲ್ಲಿ ಕೇಳಲು ಹಿಂಜರಿಯುತ್ತೇವೆ.

ಇದು ಪಶ್ಚಿಮದಿಂದ ಎರವಲು ತಂದ ಪಾಠವೆಂದು ಯಾರೂ ಭಾವಿಸಬೇಕಿಲ್ಲ. ಪವಿತ್ರ ಕುರ್‌ಆನಿನ 42ನೆಯ ಅಧ್ಯಾಯದ ಹೆಸರೇ ‘ಶೂರಾ’, ಅಂದರೆ ಸಮಾಲೋಚನೆ. ಖಲೀಫರಾಗಿ ಆಯ್ಕೆಯಾದ ಹ. ಅಬೂಬಕರ್(ರ) ತಮ್ಮ ಪ್ರಥಮ ಭಾಷಣದಲ್ಲೇ, ತಪ್ಪಿದರೆ ತಿದ್ದಿರೆಂದು ಜನರನ್ನು ಕೇಳಿಕೊಂಡರು. ನಮ್ಮ ಮನೆಯಲ್ಲಿದ್ದ ದೀಪವನ್ನು ನಾವು ಆರಿಸಿ ಕುಳಿತಿದ್ದೇವೆ, ಅಷ್ಟೇ.

ಧಾರ್ಮಿಕ ಸ್ವಾತಂತ್ರ್ಯದ ವಿಷಯಕ್ಕೆ ಬರೋಣ. ಥಾಮಸ್ ಜೆಫರ್ಸನ್ 1765ರಲ್ಲಿ, ಕಾನೂನು ವಿದ್ಯಾರ್ಥಿಯಾಗಿದ್ದಾಗಲೇ, ಜಾರ್ಜ್ ಸೇಲ್ ಮಾಡಿದ್ದ ಕುರ್‌ಆನಿನ ಇಂಗ್ಲಿಷ್ ಅನುವಾದವನ್ನು ಕೊಂಡಿದ್ದರು. 2007ರಲ್ಲಿ ಅಮೇರಿಕ ಸಂಸತ್ತಿನ ಪ್ರಥಮ ಮುಸ್ಲಿಮ್ ಸದಸ್ಯ ಕೀತ್ ಎಲಿಸನ್ ಪ್ರಮಾಣವಚನದ ವೇಳೆ ಬಳಸಿದ್ದು ಅದೇ ಪ್ರತಿಯನ್ನು. ಜೆಫರ್ಸನ್ ರಚಿಸಿದ ಧಾರ್ಮಿಕ ಸ್ವಾತಂತ್ರ್ಯದ ಮಸೂದೆ 1786ರಲ್ಲಿ ವರ್ಜೀನಿಯಾದಲ್ಲಿ ಕಾನೂನಾಯಿತು. ಅದರ ಪೀಠಿಕೆಯಲ್ಲಿ ಯೇಸುಕ್ರಿಸ್ತರ ಹೆಸರು ಸೇರಿಸಬೇಕೆಂಬ ಸೂಚನೆ ಬಹುಮತದಿಂದ ಬಿದ್ದುಹೋಯಿತು. ಯಹೂದಿ, ಕ್ರೈಸ್ತ, ಮುಸ್ಲಿಮ್, ಹಿಂದೂ ಎಲ್ಲರಿಗೂ ಆ ರಕ್ಷಣೆ ಇರಬೇಕೆಂಬುದೇ ಇದರ ಅರ್ಥವೆಂದು ಜೆಫರ್ಸನ್ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಸಾರ್ವಜನಿಕ ಹುದ್ದೆಗೆ ಧರ್ಮದ ಪರೀಕ್ಷೆ ಇರಕೂಡದೆಂದು ಸಂವಿಧಾನವೂ ವಿಧಿಸಿತು. ಇದಕ್ಕೆ ವಿರೋಧ ಬರಲಿಲ್ಲವೇ? ಬಂತು. 1788ರಲ್ಲಿ ಉತ್ತರ ಕ್ಯಾರೊಲಿನಾದ ಸಭೆಯಲ್ಲಿ, ಹೀಗಾದರೆ ಮುಸ್ಲಿಮರೂ ಅಧಿಕಾರಕ್ಕೆ ಬಂದುಬಿಡಬಹುದಲ್ಲವೇ ಎಂಬ ಭಯವನ್ನು ಮುಂದಿಡಲಾಯಿತು. ಈ ಭಯಕ್ಕೆ ಎಷ್ಟು ವಯಸ್ಸಾಗಿದೆ ನೋಡಿ! ಜೇಮ್ಸ್ ಐರಿಡೆಲ್ ಎಂಬ ಪ್ರತಿನಿಧಿ ಎದ್ದು ನಿಂತು, ಒಂದು ಗುಂಪನ್ನು ಹೊರಗಿಟ್ಟರೆ ಧಾರ್ಮಿಕ ಸ್ವಾತಂತ್ರ್ಯದ ತತ್ವವೇ ಉಳಿಯದೆಂದು ವಾದಿಸಿದರು.

ಆದರೆ ಸಹೋದರರೇ, ಆ ಸಭೆಯಲ್ಲಿ ಮುಸ್ಲಿಮ್ ಎಂಬುದು ಒಂದು ಕಲ್ಪನೆಯಾಗಿತ್ತು. ನಿಜವಾದ ಮುಸ್ಲಿಮರು ಆ ನಾಡಿನ ಹೊಲಗಳಲ್ಲಿ ಸಂಕೋಲೆ ತೊಟ್ಟಿದ್ದರು, ಅವರು ಯಾರ ಕಣ್ಣಿಗೂ ಬೀಳಲಿಲ್ಲ. ಪಶ್ಚಿಮ ಆಫ್ರಿಕದ ಫೂಟಾ ತೋರೋ ಎಂಬಲ್ಲಿ ಸುಮಾರು 25 ವರ್ಷ ವಿದ್ಯಾರ್ಜನೆ ಮಾಡಿದ್ದ ವಿದ್ವಾಂಸ ಉಮರ್ ಇಬ್ನ್ ಸಈದ್‌ರನ್ನು 1807ರಲ್ಲಿ ಚಾರ್ಲ್ಸ್‌ಟನ್ ಬಂದರಿನಲ್ಲಿ ಗುಲಾಮನಾಗಿ ಇಳಿಸಲಾಯಿತು. ಅವರು ಬದುಕಿನ ಬಹುಭಾಗ ಕಳೆದದ್ದು ಅದೇ ಉತ್ತರ ಕ್ಯಾರೊಲಿನಾದಲ್ಲಿ. 1831ರಲ್ಲಿ ಅವರು ಅರಬೀ ಭಾಷೆಯಲ್ಲಿ ತಮ್ಮ ಜೀವನ ವೃತ್ತಾಂತವನ್ನು ಬರೆದರು. ಆರಂಭದಲ್ಲಿ ಅವರು ಆರಿಸಿಕೊಂಡದ್ದು ಸೂರಾ ಅಲ್‌ಮುಲ್ಕ್. ಒಡೆತನವೆಲ್ಲವೂ ಅಲ್ಲಾಹನದು ಎಂದು ಸಾರುವ ಅಧ್ಯಾಯ! ಮದ್ರಸದಲ್ಲಿ ಅದನ್ನು ಬಾಯಿಪಾಠ ಮಾಡಿದ ನಮ್ಮಂಥವರಿಗೆ, ಒಬ್ಬ ಗುಲಾಮ ತನ್ನ ಒಡೆಯನ ಮನೆಯಲ್ಲಿ ಕುಳಿತು ಅದನ್ನೇ ಮೊದಲು ಬರೆದನೆಂಬುದು ಮೈ ನವಿರೇಳಿಸುವ ಸಂಗತಿ. ಅವರಿಗೆ ಬಿಡುಗಡೆ ದೊರೆಯಲೇ ಇಲ್ಲ. ಸಮಾನತೆಯ ಘೋಷಣೆಯನ್ನು ಬರೆದ ಜೆಫರ್ಸನ್ ತಮ್ಮ ಜೀವಿತಾವಧಿಯಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು. ಸಂವಿಧಾನವಂತೂ ಪ್ರಾತಿನಿಧ್ಯದ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಪಾಲಿನಂತೆ ಎಣಿಸಿತು. ಅದರ ಲಾಭವೂ ಒಡೆಯರಿಗೇ. ಗುಲಾಮಗಿರಿ ರದ್ದಾದುದು 1865ರಲ್ಲಿ, ಸ್ತ್ರೀಯರ ಮತದ ಹಕ್ಕು ಇಡೀ ದೇಶಕ್ಕೆ ಬಂದುದು 1920ರಲ್ಲಿ. ಇವೆಲ್ಲ ಸ್ಥಾಪಕರ ಔದಾರ್ಯದಿಂದ ಬಂದುದಲ್ಲ. ಹೊರಗಿಡಲ್ಪಟ್ಟವರು ಅವರದೇ ಅಕ್ಷರಗಳನ್ನು ಹಿಡಿದು, ಇದರಲ್ಲಿ ನಾವೆಲ್ಲಿದ್ದೇವೆ ಎಂದು ತಲೆಮಾರುಗಳ ಕಾಲ ಕೇಳಿದರು.

ನಮ್ಮ ಸಂವಿಧಾನ ರಚನಾ ಸಭೆ ಈ ಇತಿಹಾಸವನ್ನು ಕಣ್ಣಮುಂದಿಟ್ಟುಕೊಂಡಿತ್ತು. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತಾ ಡಾ. ಅಂಬೇಡ್ಕರ್ ಅಮೇರಿಕದ ಒಕ್ಕೂಟ ಪದ್ಧತಿಯನ್ನೂ ನಮ್ಮದನ್ನೂ ಹೋಲಿಸಿ ವಿವರಿಸಿದರು. ಏಳು ಮಂದಿಯ ಕರಡು ಸಮಿತಿಯಲ್ಲಿ ಅಸ್ಸಾಮಿನ ಸಯ್ಯದ್ ಮುಹಮ್ಮದ್ ಸಾದುಲ್ಲಾ ಇದ್ದರು. ಸಭೆಯಲ್ಲಿ ನಮ್ಮ ಎಸ್. ನಿಜಲಿಂಗಪ್ಪನವರಿದ್ದರು. 1957ರಲ್ಲಿ ಅವರನ್ನು ವಿಧಾನಸಭೆಗೆ ಆರಿಸಿ ಕಳುಹಿಸಿದ್ದು ಇದೇ ಮೊಳಕಾಲ್ಮೂರು. ಆ ಸಭೆಯ ಏಕೈಕ ಮುಸ್ಲಿಮ್ ಮಹಿಳೆ ಬೇಗಂ ಐಝಾಝ್ ರಸೂಲ್. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ವಾದಿಸಿದಾಗ, ಅದು ಸಮುದಾಯವನ್ನು ಒಂಟಿಯಾಗಿಸುತ್ತದೆಂದು ಬೇಗಂ ವಿರೋಧಿಸಿದರು. ಪ್ರತ್ಯೇಕ ಕ್ಷೇತ್ರಗಳು ಉಳಿಯಲಿಲ್ಲ. ನಮಗೆ ದೊರೆತದ್ದು ಒಂದು ಇಡೀ ಮತ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು, ಎರಡೂ ವಿಧಾನಸಭಾ ಕ್ಷೇತ್ರಗಳು 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ‘ನಮ್ಮವರು ನಿಲ್ಲುವಂತಿಲ್ಲ, ನಮಗೇಕೆ ಮತಗಟ್ಟೆಯ ಉಸಾಬರಿ’ ಎಂಬ ಮಾತು ನಮ್ಮವರಲ್ಲಿ ಕೇಳಿಬರುತ್ತದೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಶತಮಾನಗಳ ಕಾಲ ಹೊರಗಿಡಲ್ಪಟ್ಟವರಿಗೆ ಸ್ಥಾನ ಕಾದಿರಿಸಿದ್ದು ನಮ್ಮ ಸಂವಿಧಾನದ ಹಿರಿಮೆ. ಅಮೇರಿಕದ ಸ್ಥಾಪಕರಿಗೆ ಆ ಧೈರ್ಯವಿರಲಿಲ್ಲ. ಅಭ್ಯರ್ಥಿ ಯಾವ ಸಮುದಾಯದವನೇ ಆಗಿರಲಿ, ಅವನು ನಮ್ಮ ಓಣಿಗೂ ಬಂದು ಮತ ಕೇಳಲೇಬೇಕು. ಆಗ ಉರ್ದು ಶಾಲೆಯ ಶಿಕ್ಷಕರ ಬಗ್ಗೆ, ಕುಡಿಯುವ ನೀರಿನ ಬಗ್ಗೆ ಕೇಳುವ ಬಾಯಿ ನಮಗಿದೆಯೇ? ಕೇಳಿದ್ದನ್ನು ಅರ್ಜಿಯಾಗಿ ಬರೆದು, ಸ್ವೀಕೃತಿ ಪಡೆದು, ಆರು ತಿಂಗಳ ಬಳಿಕ ಮತ್ತೆ ವಿಚಾರಿಸುವ ತಾಳ್ಮೆ ಇದೆಯೇ? ಮಾಹಿತಿ ಹಕ್ಕು ಕಾಯಿದೆ 2005ರಿಂದ ನಮ್ಮ ಕೈಯಲ್ಲಿದೆ.

ಸಹೋದರಿಯರಲ್ಲಿ ಒಂದು ವಿಶೇಷ ವಿನಂತಿ. ಮದುವೆಯಾಗಿ ಬಂದವರ ಹೆಸರು ಎಷ್ಟೋ ಮನೆಗಳಲ್ಲಿ ಇನ್ನೂ ತವರೂರಿನ ಮತದಾರರ ಪಟ್ಟಿಯಲ್ಲೇ ಉಳಿದಿರುತ್ತದೆ. ವಿಳಾಸ ಬದಲಾವಣೆಗೆ ನಮೂನೆ 8, ಹದಿನೆಂಟು ತುಂಬಿದ ಮಕ್ಕಳ ಹೊಸ ಸೇರ್ಪಡೆಗೆ ನಮೂನೆ 6. ಎರಡರ ಪ್ರತಿಗಳನ್ನೂ ಬಾಗಿಲ ಬಳಿಯ ಮೇಜಿನ ಮೇಲೆ ಇಡಲಾಗಿದೆ. ತುಂಬಲು ಕಷ್ಟವಾದವರಿಗೆ ನಮ್ಮ ಯುವಕರು ನೆರವಾಗುತ್ತಾರೆ, ಮಗ್ರಿಬ್ ನಮಾಝಿನವರೆಗೂ ಅವರು ಅಲ್ಲಿರುತ್ತಾರೆ.