ಇಗರ್ಜಿ ಕಾಡಿಗೊಂದು ಪಾಗಾರ



ವಿಜ್ಞಾನವೂ ಧರ್ಮಶ್ರದ್ಧೆಯೂ ಕೂಡಿ ಬಾಳಬಲ್ಲವೇ ಎಂಬ ಪ್ರಶ್ನೆ ಹಳೆಯದು. ಕ್ರೈಸ್ತ ಜಗತ್ತಿನ ಮಟ್ಟಿಗೆ 1633ರ ಗೆಲಿಲಿಯೋ ವಿಚಾರಣೆಯನ್ನೇ ಇದಕ್ಕೆ ಕೊನೆಯ ಉತ್ತರವೆಂದು ತೋರಿಸುವವರು ಬಹಳ ಮಂದಿ. ಆದರೆ ಈ ಪ್ರಶ್ನೆ ಗ್ರಂಥಗಳ ವಾದದಲ್ಲಲ್ಲದೆ ಮರದ ಬುಡದಲ್ಲಿಯೂ ಪರೀಕ್ಷೆಗೆ ಒಳಗಾಗಿದೆ. ಇಥಿಯೋಪಿಯಾ ದೇಶದ ಬೆಟ್ಟಸೀಮೆ ಅದಕ್ಕೊಂದು ನಿದರ್ಶನ. ಕಾಫಿ ಬೆಳೆಯುವ ಮಲೆನಾಡಿಗೆ ಆ ದೇಶ ತೀರ ಅಪರಿಚಿತವೇನಲ್ಲ; ಅರೇಬಿಕಾ ಕಾಫಿಯ ತವರು ಅಲ್ಲಿಯ ಕಾಡುಗಳೇ.

ಇಥಿಯೋಪಿಯಾದಲ್ಲಿ ಕ್ರೈಸ್ತ ಧರ್ಮ ನೆಲೆಗೊಂಡದ್ದು 4ನೆಯ ಶತಮಾನದಲ್ಲಿ. ಅದರ ಉತ್ತರದ ಎತ್ತರದ ನಾಡಿನಲ್ಲಿ ಶತಮಾನಗಳ ಉಳುಮೆ, ಮೇವು, ಸೌದೆಗಳಿಗಾಗಿ ಸಹಜ ಕಾಡು ಬಹುಪಾಲು ಅಳಿದುಹೋಗಿದೆ. ಆಕಾಶದಿಂದ ನೋಡಿದರೆ ಕಂದು ಬಣ್ಣದ ಹೊಲಗಳ ನಡುವೆ ಅಲ್ಲಲ್ಲಿ ಹಸಿರು ಬೊಟ್ಟುಗಳು ಕಾಣುತ್ತವೆ. ಪ್ರತಿ ಬೊಟ್ಟಿನ ನಡುವೆಯೂ ತೆವಾಹೆದೋ ಆರ್ಥೊಡಾಕ್ಸ್ ಸಭೆಯ ಒಂದು ಇಗರ್ಜಿ. ದಕ್ಷಿಣ ಗೊಂಡಾರ್ ವಲಯವೊಂದರಲ್ಲೇ ಇಂತಹವು ಸಾವಿರಕ್ಕೂ ಹೆಚ್ಚು. ಹಲವು ಕಾಡುಗಳ ವಿಸ್ತಾರ ಕೆಲವೇ ಹೆಕ್ಟೇರು. ಜುನಿಪರ್, ಕಾಡು ಆಲಿವ್ ಮೊದಲಾದ ನಾಡಮರಗಳು, ಔಷಧಿ ಗಿಡಗಳು, ಪರಾಗಸ್ಪರ್ಶ ನಡೆಸುವ ಕೀಟಗಳು ಆ ಸೀಮೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಈ ತುಣುಕುಗಳಲ್ಲಿ.

ಇವು ಉಳಿದದ್ದು ಅರಣ್ಯ ಇಲಾಖೆಯ ಕಾನೂನಿನಿಂದಲ್ಲ, ದೇವಶಾಸ್ತ್ರದಿಂದ. ಇಗರ್ಜಿಯ ಗರ್ಭಗೃಹದಲ್ಲಿರುವ ‘ತಾಬೊತ್’ ಎಂಬ ಪವಿತ್ರ ಫಲಕದ ಸಾನ್ನಿಧ್ಯ ಸುತ್ತಣ ನೆಲಕ್ಕೂ ಹಬ್ಬುತ್ತದೆಂಬುದು ಅಲ್ಲಿಯ ನಂಬಿಕೆ. ಸುತ್ತಲ ಕಾಡು ಏದೆನ್ ತೋಟದ ಪ್ರತಿರೂಪ, ಇಗರ್ಜಿಗೆ ತೊಡಿಸಿದ ವಸ್ತ್ರ.

1967ರಲ್ಲಿ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಪಾಶ್ಚಾತ್ಯ ಕ್ರೈಸ್ತ ಧರ್ಮದ ಮೇಲೆ ಗುರುತರವಾದ ಆರೋಪ ಹೊರಿಸಿದರು. ಮನುಷ್ಯನಿಗೆ ಪ್ರಕೃತಿಯ ಮೇಲೆ ಒಡೆತನ ಕೊಟ್ಟ ಬೋಧನೆಯೇ ಪರಿಸರ ಸಂಕಟದ ಬೇರು ಎಂಬುದು ಅವರ ವಾದ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಒಡೆತನದ ಮಾತು ಇರುವುದು ನಿಜ. ಆದರೆ ಎರಡನೆಯ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿರಿಸಿದ್ದು ದುಡಿಮೆಗೂ ಕಾವಲಿಗೂ ಎಂದಿದೆ. ಅಲ್ಲಿ ಬಳಸಿರುವ ಹೀಬ್ರೂ ಕ್ರಿಯಾಪದಗಳಲ್ಲಿ ಒಂದಕ್ಕೆ ಸೇವೆ ಮಾಡು ಎಂದೂ, ಇನ್ನೊಂದಕ್ಕೆ ಕಾಯು ಎಂದೂ ಅರ್ಥವಿದೆ. ಇಥಿಯೋಪಿಯಾದ ಗುರುಗಳು ಈ ಎರಡನೆಯ ಅಧ್ಯಾಯವನ್ನು ವಾದಕ್ಕೆ ಎಳೆಯದೆ ಆಚರಿಸಿಕೊಂಡು ಬಂದರು.

ಹಾಗಾದರೆ ಅಲ್ಲಿ ವಿಜ್ಞಾನಕ್ಕೆ ಕೆಲಸವೇನು? ಅದೇ ನಾಡಿನ ಅರಣ್ಯ ವಿಜ್ಞಾನಿ ಅಲೆಮಾಯೆಹು ವಾಸ್ಸಿ ಈ ಕಾಡುಗಳನ್ನೇ ವಿಷಯವಾಗಿರಿಸಿಕೊಂಡು 2007ರಲ್ಲಿ ನೆದರ್‌ಲ್ಯಾಂಡಿನ ವಾಗೆನಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮೇಲೆ ನೋಡಿದರೆ ಕಾಡು ಸಮೃದ್ಧ. ಆದರೆ ನೆಲದಲ್ಲಿ ಎಳೆಯ ಸಸಿಗಳಿಗೆ ಉಳಿಗಾಲವಿರಲಿಲ್ಲ. ಒಳಹೊಕ್ಕ ದನಕರುಗಳು ಸಸಿಗಳನ್ನು ಮೇಯುತ್ತಿದ್ದವು, ತುಳಿಯುತ್ತಿದ್ದವು. ಬೇಲಿ ಹಾಕಿ ಜಾನುವಾರುಗಳನ್ನು ತಡೆದ ತಾಕುಗಳಲ್ಲಿ ಸಸಿಗಳು ಹೆಚ್ಚಾಗಿ ಹುಟ್ಟಿ ಬದುಕಿದವು. ಮಣ್ಣನ್ನು ಪರೀಕ್ಷಿಸಿದಾಗ ಇನ್ನೊಂದು ಸತ್ಯ ಹೊರಬಿತ್ತು. ಅಲ್ಲಿಯ ಮುಖ್ಯ ಮರಜಾತಿಗಳಲ್ಲಿ ಹೆಚ್ಚಿನವು ಮಣ್ಣಿನಲ್ಲಿ ಬೀಜ ಸಂಗ್ರಹ ಇಟ್ಟುಕೊಳ್ಳುವುದಿಲ್ಲ. ಹಿರಿಯ ಮರ ಉರುಳಿದರೆ, ಕಳೆಯಂತೆ ಮುಂದೊಂದು ಮಳೆಗಾಲದಲ್ಲಿ ತಾನಾಗಿ ಮೊಳೆತು ಬರಲು ನೆಲದಡಿ ಬೀಜವೇ ಇರುವುದಿಲ್ಲ. ಹಿರಿಯರು ಮಾತ್ರ ಉಳಿದು ಮಕ್ಕಳಿಲ್ಲದ ಮನೆಯಂತೆ, ಪೂಜ್ಯವಾದ ಕಾಡು ಸದ್ದಿಲ್ಲದೆ ಮುಪ್ಪಾಗುತ್ತಿತ್ತು.

ಶ್ರದ್ಧೆ ಕೊಡಲಿಯನ್ನು ತಡೆದಿತ್ತು. ದನದ ಗೊರಸನ್ನು ಗಮನಿಸಿರಲಿಲ್ಲ. ವಿಜ್ಞಾನ ಗೊರಸನ್ನು ಗುರುತಿಸಿತು; ಆದರೆ ಅದನ್ನು ತಡೆಯುವ ಅಧಿಕಾರ ಅದಕ್ಕಿರಲಿಲ್ಲ. ಊರು ಮಾತು ಕೇಳುತ್ತಿದ್ದುದು ಗುರುಗಳದು. ಆದ್ದರಿಂದ ವಾಸ್ಸಿ ಅವರು ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಲೋಮನ್ ಅವರೊಡನೆ ಗುರುಗಳ ಸಭೆಗೇ ಹೋದರು. ಉಪಗ್ರಹ ಚಿತ್ರಗಳಲ್ಲಿ ತಮ್ಮ ಕಾಡು ಹೊಲಗಳ ನಡುವಣ ಒಂಟಿ ದ್ವೀಪವಾಗಿರುವುದನ್ನು ಗುರುಗಳು ಕಣ್ಣಾರೆ ಕಂಡರು. ಪರಿಹಾರವಾಗಿ ಒದಗಿದ್ದು ಕಾಡಿನ ಸುತ್ತ ಕಲ್ಲಿನ ಪಾಗಾರ. ಕಲ್ಲು ಬಂದದ್ದು ಸುತ್ತಣ ಹೊಲಗಳಿಂದ. ನೇಗಿಲಿಗೆ ತೊಡಕಾಗಿದ್ದ ಕಲ್ಲು ಸರಿದುದರಿಂದ ಉಳುಮೆಯೂ ಹಗುರಾಯಿತು. ದನ ಹೊರಗುಳಿಯಿತು, ಭಕ್ತರಿಗೆ ಬಾಗಿಲು ತೆರೆದೇ ಇತ್ತು.

ಇಲ್ಲಿ ವಿಜ್ಞಾನ ದೇವರ ಇರವನ್ನು ಸಾಧಿಸಹೊರಡಲಿಲ್ಲ. ಧರ್ಮಗ್ರಂಥವನ್ನು ಯಾರೂ ಸಸ್ಯಶಾಸ್ತ್ರದ ಪಠ್ಯವಾಗಿ ಓದಲಿಲ್ಲ. ಕಾಡು ಹೇಗೆ ಸಾಯುತ್ತಿದೆ ಎಂಬುದಕ್ಕೆ ಒಂದು ಉತ್ತರಿಸಿತು. ಅದನ್ನು ಏಕೆ ಉಳಿಸಬೇಕು ಎಂಬುದಕ್ಕೆ ಇನ್ನೊಂದು. ಸಮನ್ವಯವೆಂದರೆ ಎರಡನ್ನೂ ಕಲಸಿ ಒಂದು ಮಾಡುವುದಲ್ಲ, ಒಂದರ ಮಾತಿಗೆ ಇನ್ನೊಂದು ಕಿವಿಗೊಡುವುದು. ಆ ಕೆಲಸ ಮುಗಿದಿಲ್ಲ. 1930ರ ದಶಕದ ವೈಮಾನಿಕ ಚಿತ್ರಗಳೊಡನೆ ಹೋಲಿಸಿದ ಅಧ್ಯಯನದ ಪ್ರಕಾರ ಇಗರ್ಜಿ ಕಾಡುಗಳು ಉಳಿದಿದ್ದರೂ ಅವುಗಳ ಸುತ್ತಣ ಕುರುಚಲು ಕಾಡು ಕರಗಿದೆ, ನೀಲಗಿರಿ ನೆಡುತೋಪು ಹೆಚ್ಚಿದೆ. ದನವನ್ನು ತಡೆದ ಪಾಗಾರ ನೀಲಗಿರಿಯ ಆಸೆಯನ್ನು ತಡೆಯಲಾರದು. ಅದಕ್ಕೆ ಮತ್ತೆ ಗುರುವೂ ವಿಜ್ಞಾನಿಯೂ ಒಟ್ಟಿಗೆ ಕೂರಬೇಕು.

ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ದೇವರು ಬೇರೆ, ಆಚಾರ ಬೇರೆ; ಮರದ ನಿಯಮ ಮಾತ್ರ ಒಂದೇ. ದೇವರಕಾಡಿನ ಹಿರಿಯ ಮರಗಳಿಗೆ ಕೈಮುಗಿಯುವ ಊರಿನ ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಅದೇ ಮರಗಳ ಕೆಳಗೆ ಒಂದು ಮೀಟರ್ ಚೌಕದ ಕೆಲವು ತಾಕುಗಳನ್ನು ಗುರುತಿಸಿ ಸಸಿಗಳನ್ನು ಎಣಿಸಿ ಬರೆದಿಡಲಿ. ಆ ಎಣಿಕೆಯನ್ನು ಊರ ತಕ್ಕರ ಮುಂದೆ, ಹಬ್ಬದ ಸಭೆಯಲ್ಲಿಯೇ ಓದಲಿ. ಹಿರಿಯ ಮರಕ್ಕೆ ಸಲ್ಲುವ ಭಕ್ತಿ ಅದರ ಬುಡದ ಎರಡೆಲೆಯ ಸಸಿಗೂ ಸಲ್ಲುವಂತಾಗಲಿ.