ತಾನೇ ಓಡುವ ವಾಚಿಗೂ ನಿಮ್ಮ ಕೈ ಬೇಕು

(ನಗರದ ತರುಣ ತರುಣಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ಇವತ್ತಿನ ಮಾತು ನಿಮ್ಮ ಮಣಿಕಟ್ಟಿನ ಬಗ್ಗೆ. ಜೇಬಿನಲ್ಲಿ ಮೊಬೈಲ್ ಇದ್ದರೂ ನಿಮ್ಮಲ್ಲಿ ಎಷ್ಟೋ ಜನ ಆಟೊಮ್ಯಾಟಿಕ್ ವಾಚು ಕಟ್ಟುತ್ತೀರಿ. ಕೆಲವರದು ಮೊದಲ ಸಂಬಳದಲ್ಲಿ ಕೊಂಡದ್ದು, ಕೆಲವರದು ಅಪ್ಪನ ಬೀರುವಿನಿಂದ ಹೊರಬಂದದ್ದು. ಬಹಳ ಸಂತೋಷ. ಆದರೆ ಅದನ್ನು ನಡೆಸುವುದು ಹೇಗೆಂದು ಎಷ್ಟು ಜನರಿಗೆ ಗೊತ್ತು?

ಸೋಮವಾರ ಬೆಳಿಗ್ಗೆ ವಾಚು ನಿಂತಿರುತ್ತದೆ. "ಬ್ಯಾಟರಿ ಹೋಯಿತು" ಎಂದು ಅಂಗಡಿಗೆ ಓಡುತ್ತೀರಿ. ಅದರಲ್ಲಿ ಬ್ಯಾಟರಿಯೇ ಇಲ್ಲ! ಅಂಗಡಿಯವರು ಒಳ್ಳೆಯವರಾದರೆ ನಕ್ಕು, ನಾಲ್ಕು ಸಲ ಅಲುಗಾಡಿಸಿ ಕೊಟ್ಟು ಕಳಿಸುತ್ತಾರೆ. ಅಲ್ಲವಾದರೆ "ಮಿಷನ್ ಕೆಟ್ಟಿದೆ" ಎಂದು ಸಾವಿರಾರು ರೂಪಾಯಿ ಕೀಳುತ್ತಾರೆ. ತಿಳಿಯದವನ ಜೇಬಿಗೇ ಕತ್ತರಿ ಬೀಳುವುದು.

ವಾಚಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಿಕೆ ಇರುತ್ತದೆ, ನಿಜ. ಹಲವು ಭಾಷೆಗಳಲ್ಲಿ ಅಚ್ಚಾಗಿರುತ್ತದೆ. ಅದರಲ್ಲಿ ಕನ್ನಡ ಸಿಕ್ಕರೆ ದಯವಿಟ್ಟು ನನಗೂ ತೋರಿಸಿ. ಸಿಗುವವರೆಗೆ ಕಾಯುತ್ತಾ ಕೂರುವುದು ಬೇಡ. ಆ ಪುಸ್ತಿಕೆಯಲ್ಲಿ ಇರುವುದನ್ನು ನಮ್ಮ ಮಾತಿನಲ್ಲೇ ಹೇಳಿಬಿಡೋಣ.

ಇದು ನಮಗೆ ಹೊರಗಿನ ವಿದ್ಯೆಯೂ ಅಲ್ಲ. ೧೯೫೩ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ., ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಇಲ್ಲೇ ವಾಚಿನ ಕಾರ್ಖಾನೆ ತೆರೆಯಿತು. ಆಮೇಲೆ ತುಮಕೂರಿನಲ್ಲೂ ವಾಚು ತಯಾರಾಯಿತು. ಮದುವೆಗೆ, ಪಾಸಾದದ್ದಕ್ಕೆ, ನಿವೃತ್ತಿಗೆ ಈ ನಾಡಿನ ಮನೆಮನೆಯಲ್ಲಿ ಕೈಬದಲಾದದ್ದು ಅದೇ ವಾಚು. ೨೦೧೬ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಹೋಯಿತು, ವಾಚುಗಳು ನಮ್ಮ ಮನೆಗಳಲ್ಲಿ ಉಳಿದವು. ಅವು ಓಡುವುದೋ ಡಬ್ಬಿಯಲ್ಲಿ ತುಕ್ಕು ಹಿಡಿಯುವುದೋ ನಮ್ಮ ಕೈಯಲ್ಲಿದೆ.

ಮೊದಲು ನಿಮ್ಮದು ಯಾವ ಜಾತಿಯ ವಾಚು ಎಂದು ಗುರುತಿಸಿ. ಹಳೆಯ ಜನತಾ, ಸೋನಾ, ಪೈಲಟ್ ಇವೆಲ್ಲ ಕೈಯಿಂದ ಕೀ ಕೊಡುವ ವಾಚುಗಳು. ದಿನಾ ಒಂದೇ ಹೊತ್ತಿಗೆ ಕೀ ಕೊಡಬೇಕು, ತಿರುಪು ಬಿಗಿಯಾಗಿ ನಿಂತ ಕೂಡಲೇ ಬಿಡಬೇಕು. ಅಲ್ಲಿಂದ ಮುಂದೆ ಬಲ ಹಾಕಿದರೆ ಸ್ಪ್ರಿಂಗ್ ತುಂಡಾದೀತು. ಅದೇ ಕಂಪನಿಯ ರಜತ್, ಕಾಂಚನ್ ಆಟೊಮ್ಯಾಟಿಕ್ ವಾಚುಗಳು. ಅವುಗಳ ದಾರಿ ಬೇರೆ.

ಆಟೊಮ್ಯಾಟಿಕ್ ವಾಚಿನ ಹಿಂಬದಿಯಲ್ಲಿ ಅರ್ಧಚಂದ್ರದಂಥ ಒಂದು ಭಾರದ ತಟ್ಟೆ ಇರುತ್ತದೆ. ಅದಕ್ಕೆ ರೋಟರ್ ಎನ್ನುತ್ತಾರೆ. ನೀವು ಕೈ ಬೀಸಿದಾಗ ಅದು ತಿರುಗುತ್ತದೆ. ಹಲ್ಲುಚಕ್ರಗಳ ಮೂಲಕ ಒಳಗಿನ ಮುಖ್ಯ ಸ್ಪ್ರಿಂಗನ್ನು ಸುತ್ತುತ್ತದೆ. ಆ ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಮುಳ್ಳುಗಳನ್ನು ನಡೆಸುತ್ತದೆ. ಸ್ಪ್ರಿಂಗ್ ಪೂರ್ತಿ ಸುತ್ತಿದ ಮೇಲೆ ಅದರ ಹೊರತುದಿ ಡಬ್ಬಿಯ ಗೋಡೆಯ ಮೇಲೆ ಜಾರುತ್ತದೆ. ಹಾಗಾಗಿ ಎಷ್ಟು ಹೊತ್ತು ಕಟ್ಟಿಕೊಂಡರೂ ಹೆಚ್ಚು ಕೀ ಆಯಿತೆಂಬ ಭಯವಿಲ್ಲ.

ಪೂರ್ತಿ ಕೀ ಆದ ಸಾಮಾನ್ಯ ಆಟೊಮ್ಯಾಟಿಕ್ ವಾಚು ಸುಮಾರು ೪೦ ಗಂಟೆ ಓಡುತ್ತದೆ. ಲೆಕ್ಕ ಹಾಕಿ. ಶುಕ್ರವಾರ ರಾತ್ರಿ ೯ಕ್ಕೆ ಬಿಚ್ಚಿಟ್ಟರೆ ಭಾನುವಾರ ಮಧ್ಯಾಹ್ನ ೧ರ ಹೊತ್ತಿಗೆ ನಿಲ್ಲುತ್ತದೆ. ಇದು ರೋಗವಲ್ಲ, ಹಸಿವು! ಇನ್ನೊಂದು ಮಾತು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬಲಗೈಯಲ್ಲಿ ಮೌಸ್ ಆಡಿಸುವವರ ಎಡಗೈ ಅಲುಗುವುದೇ ಕಡಿಮೆ. ಹತ್ತು ಗಂಟೆ ಕಟ್ಟಿದ್ದರೂ ವಾಚಿನ ಹೊಟ್ಟೆ ತುಂಬಿರುವುದಿಲ್ಲ. ವಾಚಿಗೂ ಒಳ್ಳೆಯದು, ನಿಮಗೂ ಒಳ್ಳೆಯದು: ಎದ್ದು ನಡೆಯಿರಿ.

ನಿಂತ ವಾಚನ್ನು ಎಬ್ಬಿಸುವುದು ಹೇಗೆ? ಪಕ್ಕದ ಗುಂಡಿ, ಅಂದರೆ ತಿರುಪು, ಒಳಗೆ ಕೂತಿರುವಾಗಲೇ ಅದನ್ನು ಮುಂದಕ್ಕೆ, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ, ಮೆಲ್ಲಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ನೀರಿಗೆ ಮಾಡಿದ ವಾಚುಗಳಲ್ಲಿ ತಿರುಪನ್ನು ಸ್ಕ್ರೂನಂತೆ ಬಿಗಿದಿರುತ್ತಾರೆ. ಮೊದಲು ಹಿಂದಕ್ಕೆ ತಿರುಗಿಸಿ ಬಿಚ್ಚಿಕೊಳ್ಳಿ. ಎಲ್ಲ ವಾಚಿಗೂ ಹೀಗೆ ಕೀ ಕೊಡಲು ಬರುವುದಿಲ್ಲ. ಸೀಕೊ ೫ ವಾಚುಗಳಲ್ಲಿ ಬಹಳ ಕಾಲ ಬಂದ ೭ಎಸ್೨೬ ಯಂತ್ರಕ್ಕೆ ಕೈಯಿಂದ ಕೀ ಇಲ್ಲ. ಅಂಥದನ್ನು ಕೈಯಲ್ಲಿ ಹಿಡಿದು ಅರ್ಧ ನಿಮಿಷ ಎಡಕ್ಕೂ ಬಲಕ್ಕೂ ಹದವಾಗಿ ತೂಗಿ. ಕೆಮ್ಮಿನ ಔಷಧಿ ಶೀಸೆಯ ಹಾಗೆ ಕುಲುಕಬೇಡಿ! ಓಡಲು ಶುರುವಾದ ಮೇಲೆ ಕಟ್ಟಿಕೊಳ್ಳಿ. ಉಳಿದ ಕೀ ನಿಮ್ಮ ಓಡಾಟವೇ ಕೊಡುತ್ತದೆ.

ಈಗ ಸಮಯ, ತಾರೀಕು. ಹೆಚ್ಚು ವಾಚು ಕೆಡುವುದು ಇಲ್ಲೇ, ಕಿವಿಗೊಟ್ಟು ಕೇಳಿ. ರಾತ್ರಿ ಸುಮಾರು ೯ರಿಂದ ಬೆಳಗಿನ ಜಾವ ೩ರವರೆಗೆ ತಾರೀಕು ಬದಲಿಸುವ ಬೆರಳು ತಾರೀಕಿನ ಚಕ್ರದ ಹಲ್ಲಿಗೆ ಕಚ್ಚಿಕೊಂಡಿರುತ್ತದೆ. ಆ ಹೊತ್ತಿನಲ್ಲಿ ನೀವು ಬಲವಂತವಾಗಿ ತಾರೀಕು ತಿರುಗಿಸಿದರೆ ಹಲ್ಲು ಮುರಿಯಬಹುದು. ಹೊರಗಿನ ಗಡಿಯಾರದಲ್ಲಿ ಎಷ್ಟು ಗಂಟೆ ಎಂಬುದು ಮುಖ್ಯವಲ್ಲ, ನಿಮ್ಮ ವಾಚಿನ ಮುಳ್ಳು ಎಲ್ಲಿದೆ ಎಂಬುದೇ ಮುಖ್ಯ.

ಕ್ರಮ ಹೀಗೆ. ತಿರುಪನ್ನು ಪೂರ್ತಿ ಹೊರಗೆಳೆದು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ. ತಾರೀಕು ಬದಲಾದಲ್ಲಿ ಮಧ್ಯರಾತ್ರಿ ಎಂದು ತಿಳಿಯಿರಿ. ಅಲ್ಲಿಂದ ಮುಂದುವರಿಸಿ ಬೆಳಗಿನ ೬ಕ್ಕೆ ತನ್ನಿ. ಈಗ ತಿರುಪನ್ನು ಒಂದು ಮೆಟ್ಟಿಲು ಒಳಗೆ ತಳ್ಳಿ, ನಿನ್ನೆಯ ತಾರೀಕು, ನಿನ್ನೆಯ ವಾರ ಕೂರಿಸಿ. ಮತ್ತೆ ಪೂರ್ತಿ ಎಳೆದು ಮುಳ್ಳನ್ನು ಮುಂದಕ್ಕೆ ನಡೆಸಿ. ಮಧ್ಯರಾತ್ರಿ ದಾಟಿದಾಗ ಇವತ್ತಿನ ತಾರೀಕು ಬರುತ್ತದೆ. ಅಲ್ಲಿಂದ ಈಗಿನ ಸಮಯಕ್ಕೆ ತಂದು ತಿರುಪು ಒತ್ತಿ. ಮಧ್ಯಾಹ್ನ ಕಳೆದಿದ್ದರೆ ೧೨ನ್ನು ಇನ್ನೊಮ್ಮೆ ದಾಟಿಸುವುದು ಮರೆಯಬೇಡಿ. ಮರೆತರೆ ತಾರೀಕು ಹಗಲು ಹೊತ್ತಿನಲ್ಲಿ ಬದಲಾಗುತ್ತದೆ. ಕೆಲವು ಹಳೆಯ ವಾಚುಗಳಲ್ಲಿ ತಾರೀಕಿಗೆ ಬೇರೆ ಮೆಟ್ಟಿಲು ಇಲ್ಲ, ಮುಳ್ಳು ಸುತ್ತಿಸಿಯೇ ತರಬೇಕು. ತಾಳ್ಮೆ ಇರಲಿ.

ಸಾಮಾನ್ಯ ವಾಚಿಗೆ ಪ್ರತಿ ತಿಂಗಳೂ ೩೧ ದಿನವೇ. ಆದ್ದರಿಂದ ವರ್ಷಕ್ಕೆ ಐದು ಸಲ, ಅಂದರೆ ಮಾರ್ಚ್, ಮೇ, ಜುಲೈ, ಅಕ್ಟೋಬರ್, ಡಿಸೆಂಬರ್ ೧ರಂದು, ನೀವೇ ತಾರೀಕು ತಿದ್ದಬೇಕು. ರಾಜ್ಯೋತ್ಸವದ ನವೆಂಬರ್ ೧ರಂದು ಮುಟ್ಟುವುದೇ ಬೇಡ, ತಾನೇ ಸರಿಯಾಗಿ ಬರುತ್ತದೆ!

ವಾರ ತೋರಿಸುವ ಎಷ್ಟೋ ವಾಚುಗಳಲ್ಲಿ ವಾರದ ಹೆಸರು ಎರಡು ಭಾಷೆಯಲ್ಲಿ ಅಚ್ಚಾಗಿರುತ್ತದೆ. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತು ನೀವು ಆರಿಸದ ಭಾಷೆ ಕಂಡರೆ ಗಾಬರಿ ಬೇಡ, ಚಕ್ರ ಇನ್ನೂ ತಿರುಗುತ್ತಿದೆ ಎಂದರ್ಥ. ಆ ಕಿಂಡಿಯಲ್ಲಿ ಸೋಮ, ಮಂಗಳ, ಬುಧ ಎಂದು ನಮ್ಮ ಅಕ್ಷರ ಕಾಣಬೇಕಾದರೆ ಕೊಳ್ಳುವಾಗ ಕೇಳಬೇಕಾದವರು ನೀವೇ. ಕೇಳದ ಗಿರಾಕಿಗೆ ಯಾರು ತಾನೇ ಅಚ್ಚು ಹಾಕುತ್ತಾರೆ?

"ಸರ್, ದಿನಕ್ಕೆ ಹತ್ತು ಸೆಕೆಂಡ್ ಮುಂದೆ ಓಡುತ್ತದೆ" ಎಂದು ದೂರುವವರಿದ್ದಾರೆ. ದಿನಕ್ಕೆ ೮೬,೪೦೦ ಸೆಕೆಂಡು. ಅದರಲ್ಲಿ ಹತ್ತು! ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆ ಮಾಡಿ ಕ್ರೋನೋಮೀಟರ್ ಎಂದು ಪ್ರಮಾಣಪತ್ರ ಕೊಡುವ ವಾಚಿಗೇ ದಿನಕ್ಕೆ ಸರಾಸರಿ ೪ ಸೆಕೆಂಡ್ ಹಿಂದೆ, ೬ ಸೆಕೆಂಡ್ ಮುಂದೆ ಹೋಗುವ ಅವಕಾಶವಿದೆ. ವಾರಕ್ಕೊಮ್ಮೆ ಸರಿಮಾಡಿಕೊಂಡರೆ ಸಾಕು. ಆದರೆ ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡಿದರೆ ಅಯಸ್ಕಾಂತ ತಗುಲಿರಬಹುದು. ಸ್ಪೀಕರ್, ಅಯಸ್ಕಾಂತವಿರುವ ಮೊಬೈಲ್ ಕವರ್ ಇವುಗಳ ಪಕ್ಕದಲ್ಲಿ ಇಡಬೇಡಿ. ಕೂದಲಿನಷ್ಟು ಸಣ್ಣ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಿಪೇರಿಯವರ ಬಳಿ ಅಯಸ್ಕಾಂತ ತೆಗೆಯುವ ಸಣ್ಣ ಯಂತ್ರ ಇರುತ್ತದೆ, ನಿಮಿಷದ ಕೆಲಸ. ಇದಕ್ಕೆ ಮಿಷನ್ ಬದಲಿಸಬೇಕು ಎಂದವರಿಗೆ ಕೈಮುಗಿದು ಹೊರಗೆ ಬನ್ನಿ.

ನೀರಿನಲ್ಲಿ ತಿರುಪು ಎಳೆಯಬೇಡಿ. ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿದ್ದ ವಾಚನ್ನು ತೆಗೆದ ದಿನವೇ ಓಡಿಸಬೇಡಿ. ಒಳಗಿನ ಎಣ್ಣೆ ಒಣಗಿರುತ್ತದೆ. ಒಣ ಚಕ್ರ ಓಡಿದರೆ ಸವೆಯುತ್ತದೆ. ಮೊದಲು ಬಲ್ಲವರ ಕೈಯಲ್ಲಿ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ಮುಚ್ಚಿದ ಕಾರ್ಖಾನೆಯ ವಾಚಿಗೆ ಬಿಡಿಭಾಗ ಹುಡುಕುವುದು ಸುಲಭವಲ್ಲ. ಬೀದಿ ಮೂಲೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುವ ಹಿರಿಯರು ನಿಮ್ಮ ಬಡಾವಣೆಯಲ್ಲಿ ಇದ್ದಾರೆಯೇ? ಅವರ ಅಂಗಡಿ ಮುಚ್ಚುವ ಮೊದಲು ಹೋಗಿ. ಕೆಲಸ ಕೊಡಿ. ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, ಬಿಚ್ಚುವುದನ್ನು ನೋಡಿ, ಪ್ರಶ್ನೆ ಕೇಳಿ. ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳಿ. ಯಾವ ಪುಸ್ತಿಕೆಯಲ್ಲೂ ಇಲ್ಲದ ವಿದ್ಯೆ ಅವರ ನಾಲಗೆಯ ಮೇಲಿದೆ, ಅದೂ ನಮ್ಮ ನುಡಿಯಲ್ಲಿ.

ಇವತ್ತು ಮನೆಗೆ ಹೋದವರೇ ಅಪ್ಪನನ್ನೋ ಅಜ್ಜನನ್ನೋ ಕೇಳಿ: "ನಿಮ್ಮ ಹಳೇ ವಾಚು ಎಲ್ಲಿಟ್ಟಿದ್ದೀರಿ?" ಮಿಕ್ಕ ಕೆಲಸ ನಿಮಗೀಗ ಗೊತ್ತಿದೆ.